ಗ್ರೇಸ್ ಮಾರ್ಕ್ಸ್ ಬೇಡವೆಂದ ಹುಡುಗಿ

"ಮೇಡಮ್ಮರ, ಒಂದ್ ನಿಮಿಷ್ರಿ. ಆ ಪ್ರೋಗ್ರಾಂ ತಪ್ಪೈತ್ರಿ."

ಹಿಂದಿನ ಬೆಂಚಿನಿಂದ ಬಂದ ಆ ದನಿಗೆ ಇಡೀ ಕ್ಲಾಸು ಕತ್ತು ತಿರುಗಿಸಿತು. ಬೋರ್ಡಿನ ಮುಂದೆ ನಿಂತಿದ್ದ ರಾಜೇಶ್ವರಿಯ ಕೈಯಲ್ಲಿದ್ದ ಸೀಮೆಸುಣ್ಣ ಅರ್ಧಕ್ಕೇ ನಿಂತಿತು.

ತಪ್ಪಾ...? ನನ್ನ ಪ್ರೋಗ್ರಾಂ ತಪ್ಪಾ?

ಅದು 1998ರ ಜೂನ್ ತಿಂಗಳು. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲೊಂದು ಕಂಪ್ಯೂಟರ್ ತರಬೇತಿ ಕೇಂದ್ರ. ಅಲ್ಲಿ ಸಿ ಭಾಷೆ ಕಲಿಸುವ ಕೆಲಸಕ್ಕೆ ಬಂದಿದ್ದ ರಾಜೇಶ್ವರಿಗೆ ಅವತ್ತು ಪರೀಕ್ಷಾ ಪಾಠ. ಕೇಂದ್ರದ ಮಾಲೀಕ ರಮಾಕಾಂತ ಸರ್ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಒಂದೊಂದು ಮಾತನ್ನೂ ತೂಗಿ ನೋಡುತ್ತಿದ್ದರು. ಇಂಥ ಹೊತ್ತಿನಲ್ಲಿ ತಪ್ಪು ಹುಡುಕುವವನಿಗೆ ಏನನ್ನಬೇಕು ಹೇಳಿ!

"ಏನ್ ತಪ್ಪೈತ್ರಿ? ಎ ಹತ್ತು ಇತ್ತು, ಬಿ ಇಪ್ಪತ್ತು ಇತ್ತು. ಸ್ವಾಪ್ ಫಂಕ್ಷನ್‌ಗೆ ಕಳಿಸಿದ್ವಿ, ಅದಲುಬದಲಾತು. ಸ್ಕ್ರೀನ್ ಮ್ಯಾಲ ಕಾಣಂಗಿಲ್ಲೇನ್ರಿ?"

"ಕಾಣತೈತ್ರಿ. ಆದ್ರ ಅದು ಸ್ವಾಪ್ ಒಳಗ ಕಾಣಾಕತ್ತೈತಿ. ಹೊರಗ ಬಂದು ಮೇನ್ ಅನ್ನೋ ಮುಖ್ಯ ಭಾಗದೊಳಗ ಪ್ರಿಂಟ್ ಮಾಡ್ರಿ ನೋಡೋಣು."

ಮಾಡಿದಳು. ಸ್ಕ್ರೀನಿನ ಮೇಲೆ ಹತ್ತು ಹತ್ತಾಗಿಯೇ ಇತ್ತು, ಇಪ್ಪತ್ತು ಇಪ್ಪತ್ತಾಗಿಯೇ ಇತ್ತು. ಮುಂದಿನ ಬೆಂಚಿನ ಹುಡುಗಿಯರು ಬಾಯಿಗೆ ವೇಲ್ ಅಡ್ಡ ಹಿಡಿದು ಕಿಸಕ್ಕೆಂದರು.

"ನೀವು ಹತ್ತು, ಇಪ್ಪತ್ತು ಅನ್ನೋ ಬರೇ ಬೆಲಿ ಕಳಿಸೀರಿ ಮೇಡಮ್ಮರ. ಸ್ವಾಪ್ ಕೈಗೆ ಸಿಕ್ಕಿದ್ದು ಝೆರಾಕ್ಸ್ ಇದ್ದಂಗ. ಝೆರಾಕ್ಸ್ ಮ್ಯಾಲ ಏನ್ ತಿದ್ದಿದ್ರೂ ಅಸಲಿ ಕಾಗದ ಹಂಗ ಉಳೀತೈತಿ. ಅಸಲಿ ಬದಲಾಗಬೇಕಂದ್ರ ಅದು ಎಲ್ಲೆ ಐತಿ ಅಂತ ವಿಳಾಸ ಕಳಿಸಬೇಕ್ರಿ."

ಹೇಳಿದ್ದು ಸರಿ ಇತ್ತು. ಅದಕ್ಕೇ ಅವಳ ಮೈಯೆಲ್ಲ ಉರಿಯಿತು.

"ಅಷ್ಟೆಲ್ಲಾ ಗೊತ್ತಿದ್ದವರು ಇಲ್ಲಿ ಕಲಿಯಾಕ ಯಾಕ ಬಂದೀರಿ?"

"ಕಲಿಯಾಕ ಅಲ್ರಿ..." ಅವನು ತಲೆ ಕೆರೆದುಕೊಂಡ.

ರಮಾಕಾಂತ ಸರ್ ಎದ್ದು ನಿಂತರು. "ಇವರು ಮಾಲತೇಶ ಅಂತ. ಬ್ಯಾಡಗಿ ಕಡೆಯವರು, ಈಗ ಧಾರವಾಡದಾಗ ಇರ್ತಾರ. ಇವರೂ ಇದ ಕೆಲಸಕ್ಕ ಬಂದಾರ. ಕುಂತು ನೋಡ್ರಿ ಅಂದಿದ್ದೆ."

ಮೋಸ! ಶುದ್ಧ ಮೋಸ! ವಿದ್ಯಾರ್ಥಿಯ ಹಾಗೆ ಕೂತು, ಎದುರಾಳಿಯ ಮಾನ ಕಳೆದು, ಈಗ ಏನೂ ಅರಿಯದವನ ಹಾಗೆ ನಿಂತಿದ್ದಾನೆ ನೋಡು! ರಾಜೇಶ್ವರಿ ಸೀಮೆಸುಣ್ಣವನ್ನು ಮೇಜಿನ ಮೇಲೆ ಕುಕ್ಕಿದಳು.

ರಮಾಕಾಂತ ಸರ್ ವ್ಯಾಪಾರ ಬಲ್ಲ ಮನುಷ್ಯ. "ದೀಪಾವಳಿ ತನಕ ಇಬ್ರೂ ಕಲಸ್ರಿ. ಆಮ್ಯಾಲ ಒಂದು ಪರೀಕ್ಷೆ ಇಡ್ತೇನಿ. ಗೆದ್ದವರು ಕಾಯಂ" ಎಂದುಬಿಟ್ಟರು.

ಇವಳಿಗೆ ಅದು ಬರೀ ಕೆಲಸದ ಮಾತಾಗಿರಲಿಲ್ಲ. ಅಪ್ಪ ದ್ಯಾಮಣ್ಣ ಹತ್ತಿ ವ್ಯಾಪಾರಿ. ಆಡಿದ ಮಾತಿನಿಂದ ಹಿಂದೆ ಸರಿದವರಲ್ಲ. ಮಗಳು ಕೆಲಸಕ್ಕೆ ಹೋಗುತ್ತೇನೆ ಎಂದಾಗ ಒಂದು ಷರತ್ತು ಹಾಕಿದ್ದರು. "ಕೆಲಸ ಕಾಯಂ ಆದ್ರ ನಾ ಲಗ್ನದ ಮಾತು ಎತ್ತಂಗಿಲ್ಲ. ಆಗ್ಲಿಲ್ಲಂದ್ರ ರಾಣೆಬೆನ್ನೂರಿನ ವರಾ ಗಟ್ಟಿ. ಆಗ ಮತ್ತ ಅಳಬಾರದು."

ಆ ವರನ ಫೋಟೋವನ್ನು ಅವಳು ಒಮ್ಮೆ ನೋಡಿದ್ದಳು. ಕೆಟ್ಟವನ ಹಾಗೇನೂ ಕಾಣಲಿಲ್ಲ. ಆದರೆ ಅವನು ಯಾರೋ, ಇವಳು ಯಾರೋ! ಗೆಲ್ಲಲೇಬೇಕು ಎಂದುಕೊಂಡಳು.

ಗೆಲ್ಲಬೇಕೆಂದರೆ ಕಲಿಯಬೇಕು. ಕಲಿಯಬೇಕೆಂದರೆ ಆ ಮಾಲತೇಶನನ್ನೇ ಕೇಳಬೇಕು. ಇದಕ್ಕಿಂತ ದೊಡ್ಡ ಅನ್ಯಾಯ ಉಂಟೇ?

"ನೋಡ್ರಿ, ನಾ ಕೇಳಾಕತ್ತೇನಿ ಅಂತ ದೊಡ್ಡಸ್ತಿಕಿ ತೋರಸಬ್ಯಾಡ್ರಿ" ಎಂದೇ ಅವಳು ಮೊದಲ ಪ್ರಶ್ನೆ ಕೇಳಿದ್ದು.

"ಇಲ್ರಿ. ನನಗೂ ಮೊದಲ ಇದು ತಿಳಿದಿದ್ದಿಲ್ಲ. ಮಾಸ್ತರ್ ಕಡೆ ಬೈಸ್ಕೊಂಡು ಕಲ್ತೇನಿ."

ಬೈಸಿಕೊಂಡನಂತೆ! ಅವಳಿಗೆ ನಗು ಬಂತು. ನಗು ಬಂದದ್ದಕ್ಕೇ ಸಿಟ್ಟೂ ಬಂತು.

ಮಧ್ಯಾಹ್ನ ಕರೆಂಟು ಹೋದರೆ ಕಂಪ್ಯೂಟರೆಲ್ಲ ಬಂದ್. ಆಗ ಎಲ್ಲರೂ ಮೆಟ್ಟಿಲ ಮೇಲೆ ಕೂತು ಮಂಡಕ್ಕಿಯ ಗಿರ್ಮಿಟ್ ತಿನ್ನುವುದು. ಕೇಂದ್ರದ ಮುಂದಿನ ಮೇಜಿನಲ್ಲಿ ಫೀ ಕಟ್ಟಿಸಿಕೊಳ್ಳುವ ಶರೀಫಾಬಿ ಎಲ್ಲರಿಗೂ ಅಕ್ಕ. ಅವಳೇ ಪೊಟ್ಟಣ ಹಂಚುತ್ತಿದ್ದಳು. ಮಾಲತೇಶ ತನ್ನ ಪೊಟ್ಟಣದೊಳಗಿನ ಹಸಿಮೆಣಸಿನಕಾಯಿಯನ್ನು ಕಣ್ಣಲ್ಲಿ ನೀರು ಬರದಂತೆ ಕಚ್ಚುತ್ತಿದ್ದ. ರಾಜೇಶ್ವರಿಯೂ ಹಟಕ್ಕೆ ಬಿದ್ದು ಕಚ್ಚಿ ಕೆಮ್ಮಿದಳು.

"ನೀರು ಕುಡೀರಿ!"

"ಬ್ಯಾಡ್ರಿ! ನನಗೇನೂ ಖಾರ ಹತ್ತಿಲ್ಲ!"

ಹೀಗೆ ಶುರುವಾಯಿತು. ಅವಳ ಕ್ಲಾಸು ಮುಗಿಯುವ ತನಕ ಅವನು ಏನೋ ನೆವ ಹೇಳಿ ಕೇಂದ್ರದಲ್ಲೇ ಉಳಿಯತೊಡಗಿದ. ಅವನು ಧಾರವಾಡದ ಬಸ್ಸಿನಿಂದ ಇಳಿಯುವ ತನಕ ಅವಳಿಗೆ ಕಿಟಕಿ ಬಿಟ್ಟು ಏಳಲಾಗುತ್ತಿರಲಿಲ್ಲ. ಇಬ್ಬರೂ ಬಾಯಿ ಬಿಟ್ಟು ಏನೂ ಹೇಳಲಿಲ್ಲ. ವಿಳಾಸ ಹೊರುವ ಪಾಯಿಂಟರ್ ಬಗ್ಗೆ ಗಂಟೆಗಟ್ಟಲೆ ಮಾತಾಡುವವರಿಗೆ ಅದೊಂದು ಮಾತು ಬರಬಾರದೇ?

ದೀಪಾವಳಿಯ ಹಿಂದಿನ ವಾರ ಪರೀಕ್ಷೆ. ಧಾರವಾಡದಿಂದ ಒಬ್ಬ ಪ್ರೊಫೆಸರ್ ಬಂದಿದ್ದರು. ಇಬ್ಬರಿಗೂ ಒಂದೇ ಪ್ರಶ್ನೆ. ವಿದ್ಯಾರ್ಥಿಯ ಅಂಕ ಕಡಿಮೆ ಇದ್ದರೆ ಒಂದು ಫಂಕ್ಷನ್ ಅದಕ್ಕೆ ಗ್ರೇಸ್ ಮಾರ್ಕ್ಸ್ ಸೇರಿಸಬೇಕು. ವಾಪಸ್ ಬಂದ ಮೇಲೆ ಮೇನ್ ಫಲಿತಾಂಶ ತೋರಿಸಬೇಕು.

ರಾಜೇಶ್ವರಿಯ ಪ್ರೋಗ್ರಾಂ ಮೊದಲ ಸಲಕ್ಕೇ ಓಡಿತು. ಫೇಲಾದ ಹುಡುಗ ಸ್ಕ್ರೀನಿನ ಮೇಲೆ ಪಾಸಾದ.

ಮಾಲತೇಶನದೂ ಓಡಿತು. ಆದರೆ ಅಲ್ಲಿ ಫೇಲಾದವನು ಫೇಲಾಗಿಯೇ ಉಳಿದ.

"ಏನ್ರೀ ಇದು?" ಪ್ರೊಫೆಸರ್ ಕನ್ನಡಕ ಏರಿಸಿದರು. "ಬರೇ ಬೆಲಿ ಕಳಿಸಿದ್ರ ಅಸಲಿ ಅಂಕ ಹೆಂಗ ಬದಲಾಗತೈತಿ? ವಿಳಾಸ ಕಳಿಸೋದ ಮರ್ತೀರಲ್ಲ! ಕಲಸಾವ್ರು ಇಂಥಾ ತಪ್ಪು ಮಾಡೋದೇನ್ರಿ?"

"ಹೌದ್ರಿ ಸರ್. ತಪ್ಪಾತ್ರಿ." ಅವನು ತಲೆ ತಗ್ಗಿಸಿದ. ಚೀಲ ಹೆಗಲಿಗೆ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದು ಹೋದ.

ರಮಾಕಾಂತ ಸರ್ ಪೇಡೆ ತರಿಸಿದರು. ರಾಜೇಶ್ವರಿಗೆ ನೆಲದ ಮೇಲೆ ಕಾಲೇ ನಿಲ್ಲುತ್ತಿಲ್ಲ. ಗೆದ್ದೆ! ಲಗ್ನ ತಪ್ಪಿತು! ಅಪ್ಪನ ಮುಂದೆ ತಲೆ ಎತ್ತಿ ನಿಲ್ಲುತ್ತೇನೆ!

ಶರೀಫಾಬಿ ಓಡಿಬಂದು ತಬ್ಬಿಕೊಂಡಳು. "ಪಾರಾದಿ ನೋಡವಾ! ಇನ್ನ ರಾಣೆಬೆನ್ನೂರಿನಾಂವ ಬ್ಯಾರೆ ಮನಿ ನೋಡ್ಕೋಬೇಕು. ಪಾಪ, ಮಾಲತೇಶ ಸರ್ ನಿನ್ನಿ ಕೇಳಿ ಮಾರಿ ಸಣ್ಣ ಮಾಡ್ಕೊಂಡಿದ್ರು."

ರಾಜೇಶ್ವರಿ ಕೈಯಲ್ಲಿದ್ದ ಅರ್ಧ ಪೇಡೆಯನ್ನು ಮೇಜಿನ ಮೇಲಿಟ್ಟಳು.

"ಏನ್ ಕೇಳಿದ್ರು ಅಕ್ಕಾ?"

"ಅದ... ನೀ ಸೋತ್ರ ನಿನ್ನ ಲಗ್ನ ಮಾಡಿಬಿಡ್ತಾರ ಅನ್ನೋದು. ಬಾಯಿತಪ್ಪಿ ಹೇಳಿಬಿಟ್ಟೆ."

ಆ ಕ್ಷಣಕ್ಕೆ ಅವಳಿಗೆ ಎಲ್ಲ ಹೊಳೆಯಿತು. ಬೆಲೆ ಕಳಿಸಿದರೆ ನಕಲು, ವಿಳಾಸ ಕಳಿಸಿದರೆ ಅಸಲಿ ಎಂದು ತುಂಬಿದ ಕ್ಲಾಸಿನಲ್ಲಿ ತನ್ನನ್ನು ತಿದ್ದಿದವನು ಯಾರು? ಪ್ರತಿ ಬ್ಯಾಚಿಗೂ ಅದನ್ನೇ ಬಾಯಿಪಾಠ ಮಾಡಿಸಿದವನು ಯಾರು? ನಿದ್ದೆಗಣ್ಣಲ್ಲಿ ಬರೆದರೂ ಅವನ ಕೈಯಿಂದ ಆ ತಪ್ಪು ಆಗುವುದಿಲ್ಲ!

ಬೇಕಂತಲೇ ಸೋತಿದ್ದಾನೆ.

ಬೇರೆ ಹುಡುಗಿಯಾಗಿದ್ದರೆ ಕಣ್ಣು ಒದ್ದೆ ಮಾಡಿಕೊಂಡು, ಎಂಥ ತ್ಯಾಗ ಎಂದು ಎದೆ ಮುಟ್ಟಿಕೊಳ್ಳುತ್ತಿದ್ದಳೋ ಏನೋ. ನಮ್ಮ ರಾಜೇಶ್ವರಿ ಅಂಥವಳಲ್ಲ. ಅವಳ ಕಿವಿ ಕೆಂಪಾಯಿತು, ಮೂಗು ಕೆಂಪಾಯಿತು. ಚಪ್ಪಲಿ ಮೆಟ್ಟಿದವಳೇ ಬಸ್ ಸ್ಟಾಪಿಗೆ ಓಡಿದಳು.

ಧಾರವಾಡದ ಬಸ್ಸು ಹೊರಟೇಬಿಟ್ಟಿತ್ತು. ಅವಳು ಫುಟ್‌ಬೋರ್ಡಿಗೆ ಜಿಗಿದು ಒಳಗೆ ನುಗ್ಗಿದಳು. ಅವನು ಕಂಬಿ ಹಿಡಿದು ನಿಂತಿದ್ದ.

"ಎಷ್ಟು ಹಾಕಿದ್ರಿ?"

ಮಾಲತೇಶ ಬೆಚ್ಚಿ ತಿರುಗಿದ. "ಏನ್ರಿ?"

"ಗ್ರೇಸ್ ಮಾರ್ಕ್ಸ್ರಿ! ಈ ಹುಡುಗಿ ತಾನಾಗಿ ಪಾಸಾಗಂಗಿಲ್ಲ ಅಂತ ನನಗ ಎಷ್ಟು ಹಾಕಿದ್ರಿ?"

ಬಸ್ಸಿನ ಅರ್ಧ ಜನ ಮಾತು ನಿಲ್ಲಿಸಿದರು.

"ಮೇಡಮ್ಮರ, ಮೆಲ್ಲಕ..."

"ಯಾಕ ಮೆಲ್ಲಕ? ನೀ ಮಾಡಿದ್ದು ಛಲೋ ಕೆಲಸ ಅಲ್ಲೇನು? ಎಲ್ಲಾರೂ ಕೇಳಲಿ!" ಸಿಟ್ಟಿನಲ್ಲಿ ಅವಳಿಗೆ ಬಹುವಚನವೇ ಮರೆತುಹೋಗಿತ್ತು.

ಕಾಯಿಪಲ್ಲೆ ಬುಟ್ಟಿ ಇಟ್ಟುಕೊಂಡು ಕೂತಿದ್ದ ಅಜ್ಜಿಗೆ ತಡೆಯಲಾಗಲಿಲ್ಲ. "ಏನ್ ಮಾಡ್ಯಾನ ಯವ್ವಾ ಇಂವ?"

"ನನಗ ಉಪಕಾರ ಮಾಡ್ಯಾನ್ರಿ ಅಜ್ಜಿ!"

"ಉಪಕಾರ ಮಾಡಿದವನಿಗೆ ಹಿಂಗ ಬೈತಾರೇನ?"

"ಕೇಳದ ಮಾಡ್ಯಾನ್ರಿ!"

ಅಜ್ಜಿ ಕ್ಷಣ ಯೋಚಿಸಿದಳು. "ಹಂಗಾದ್ರ ಬೈ" ಎಂದಳು.

"ಬೈಯೋದಿದ್ರ ಟಿಕೆಟ್ ತಗೊಂಡು ಬೈರಿ" ಎಂದು ಕಂಡಕ್ಟರ್ ಚೀಲ ಕುಲುಕಿದ. ಬಸ್ಸೆಲ್ಲ ನಕ್ಕಿತು. ಮಾಲತೇಶನಿಗೆ ನಿಂತ ಜಾಗದಲ್ಲೇ ಬೆವರು. ನಡುದಾರಿಯ ರಾಯಾಪುರ ಬಂದದ್ದೇ ತಡ ಇಳಿದುಬಿಟ್ಟ. ಅವಳೂ ಹಿಂದೆಯೇ ಇಳಿದಳು.

ರಸ್ತೆಯಲ್ಲಿ ಲಾರಿಗಳು ಧೂಳೆಬ್ಬಿಸಿಕೊಂಡು ಹೋಗುತ್ತಿದ್ದವು. ಇಬ್ಬರೂ ಬೇವಿನ ಮರದ ಕೆಳಗೆ ಎದುರುಬದುರು ನಿಂತರು.

"ನಿಮ್ಮ ಲಗ್ನಾ ತಪ್ಪಲಿ ಅಂತ ಮಾಡಿದ್ನಿರಿ" ಎಂದ ಅವನು, ನೆಲ ನೋಡುತ್ತ. "ನನಗೇನು, ಬ್ಯಾರೆ ಕಡೆ ಕೆಲಸ ಸಿಗತೈತಿ."

"ನನಗ ಸಿಗಂಗಿಲ್ಲ ಅಂತ ಯಾರ್ ಹೇಳಿದ್ರು ನಿನಗ?"

ಅವನು ಚೀಲವನ್ನು ಹೆಗಲು ಬದಲಿಸಿದ.

"ಜೂನ್ ತಿಂಗಳಿಂದ ಹಗಲೆಲ್ಲಾ ಕುಂತು ಕಲ್ತೇನಿ. ನಾ ನಿಮ್ಮನ್ನ ಗೆಲ್ಲಬಹುದಿತ್ತೋ ಏನೋ! ಗೆಲ್ತಿದ್ನೋ ಇಲ್ಲೋ, ಅದು ಈಗ ನನಗ ಎಂದೂ ಗೊತ್ತಾಗಂಗಿಲ್ಲ. ಅದನ್ನ ಕಸಗೊಂಡ್ರಿ ನೀವು. ಅಪ್ಪಾಜಿ ನನ್ನ ಕೇಳಲಾರದ ಲಗ್ನ ಗೊತ್ತು ಮಾಡ್ತಾರ. ನೀವು ನನ್ನ ಕೇಳಲಾರದ ಲಗ್ನ ತಪ್ಪಸ್ತೀರಿ. ಇಬ್ರಿಗೂ ಏನ್ ಫರಕೈತಿ?"

ಈ ಮಾತು ಅವನಿಗೆ ನಾಟಿತು. ಮುಖ ಕಪ್ಪಿಟ್ಟಿತು.

"ಖರೇ ಹೇಳ್ಲೇನ್ರಿ?" ಅವನು ತಲೆ ಎತ್ತಿದ. "ನಿಮ್ಮ ಸಲುವಾಗಿ ಅಲ್ಲ. ನನ್ನ ಸಲುವಾಗಿ ಮಾಡೇನಿ. ನೀವು ಬ್ಯಾರೆಯವರ ಕೂಡ ಲಗ್ನ ಆಗೋದು... ನನ್ನ ಕಡಿಂದ ನೋಡಾಕ ಆಗ್ತಿದ್ದಿಲ್ರಿ."

ಎಷ್ಟು ದಿನದಿಂದ ಈ ಮಾತಿಗೆ ಕಿಟಕಿಯಲ್ಲಿ ಕಾದು ನಿಂತಿದ್ದಳು! ಈಗ ಬಂತು... ಇಂಥ ಹೊತ್ತಿನಲ್ಲಿ ಬಂತು! ಸಂತೋಷಪಡೋಣವೆಂದರೆ ಸಿಟ್ಟು ದಾರಿ ಬಿಡುತ್ತಿಲ್ಲ.

"ಈ ಮಾತು ಯಾರಿಗೆ ಹೇಳಬೇಕಿತ್ತು?"

"ನಿಮಗ..."

"ಹೇಳಿದ್ರೇನು?"

"ಇಲ್ರಿ. ಧೈರ್ಯ ಆಗ್ಲಿಲ್ಲ."

"ಪರೀಕ್ಷೆದಾಗ ಸೋಲಾಕ ಧೈರ್ಯ ಬಂತು. ಒಂದ್ ಮಾತು ಕೇಳಾಕ ಬರಲಿಲ್ಲ!" ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಾಳೆ ಬರ್ರಿ. ರಮಾಕಾಂತ ಸರ್ ಮುಂದ ಖರೇ ಹೇಳ್ರಿ. ಮತ್ತೊಮ್ಮೆ ಪರೀಕ್ಷೆ ಆಗಬೇಕು."

"ನೀವು ಸೋತ್ರ...?"

"ಸೋತ್ರ ಸೋಲ್ತೇನಿ! ಅದು ನನ್ನ ಹೊಣಿ."

"ಮತ್ತ... ನಾ ಈಗ ಹೇಳಿದ್ದಕ್ಕ?"

"ಉಪಕಾರ ಮಾಡಿದವರಿಗೆ ನಾ ಉತ್ತರಾ ಕೊಡಂಗಿಲ್ಲ."

ಹುಬ್ಬಳ್ಳಿಯ ಕಡೆ ಹೋಗುವ ಬಸ್ಸಿಗೆ ಕೈ ಮಾಡಿ ಹತ್ತಿದಳು. ಅವನು ನಿಂತಲ್ಲೇ ನಿಂತಿದ್ದ.

ಮರುದಿನ ರಮಾಕಾಂತ ಸರ್ ಕೂಗಾಡಿದರು. "ಇದೇನು ಹುಡುಗರ ಆಟ ಅನ್ಕೊಂಡೀರೇನ್ರಿ? ಪ್ರೊಫೆಸರ್ ಮುಂದ ನನ್ನ ಮಾರಿ ಏನಾಗಬೇಕು?" ಮಾಲತೇಶ ಎಲ್ಲವನ್ನೂ ಒಪ್ಪಿಕೊಂಡ. ರಾಜೇಶ್ವರಿ ಜಗ್ಗಲಿಲ್ಲ. "ಸುಳ್ಳು ಗೆಲುವಿನ ಮ್ಯಾಲ ನಾ ಹುಡುಗರಿಗೆ ಏನ್ ಕಲಸ್ಲಿರಿ ಸರ್?" ಎಂದಳು. ಕೊನೆಗೆ ಅವರೇ ಒಂದು ಪ್ರಶ್ನೆ ಕೊಟ್ಟರು. ಒಬ್ಬರ ಹೆಸರು, ಅಡ್ಡಹೆಸರು ಎರಡನ್ನೂ ಫಂಕ್ಷನ್‌ಗೆ ಕಳಿಸಬೇಕು. ಅದು ಕೂಡಿಸಿ ವಾಪಸ್ ಕೊಡಬೇಕು. ಮೇನ್ ಪ್ರಿಂಟ್ ಮಾಡಬೇಕು.

ಈ ಸಲ ಮಾಲತೇಶ ಬೇಕಂತ ತಪ್ಪು ಮಾಡಲಿಲ್ಲ. ಪೂರ್ತಿ ಹೆಸರು ಚೊಕ್ಕವಾಗಿ ಬಂತು.

ರಾಜೇಶ್ವರಿಯ ಸ್ಕ್ರೀನಿನ ಮೇಲೆ ಅರ್ಥವಿಲ್ಲದ ಚಿಹ್ನೆಗಳು ಮೂಡಿದವು.

ಅವಳು ಕಣ್ಣಿಟ್ಟು ನೋಡಿದಳು. ಅಯ್ಯೋ...! ಹೆಸರು ಕೂಡಿಸುವ ಜಾಗವನ್ನು ಫಂಕ್ಷನ್ನಿನ ಒಳಗೇ ಮಾಡಿ, ಆ ಜಾಗದ ವಿಳಾಸವನ್ನೇ ವಾಪಸ್ ಕೊಟ್ಟಿದ್ದಳು. ಫಂಕ್ಷನ್ ಮುಗಿದ ಮೇಲೆ ಆ ಜಾಗ ಅದರದ್ದಲ್ಲ. ಖಾಲಿ ಮಾಡಿದ ಬಾಡಿಗೆ ಮನೆಯ ವಿಳಾಸ ಕೊಟ್ಟ ಹಾಗೆ! ಹೋಗಿ ನೋಡಿದರೆ ಬೇರೆ ಯಾರೋ ಇರುತ್ತಾರೆ.

ಮಾಲತೇಶ ಎದ್ದು ಬಂದ. ಏನೋ ಹೇಳಲು ಬಾಯಿ ತೆರೆದ. ಅವಳು ಕೈ ಅಡ್ಡ ಹಿಡಿದಳು.

"ಒಂದ್ ಮಾತೂ ಆಡಬ್ಯಾಡ್ರಿ. ಇದು ನನ್ನ ತಪ್ಪು. ನಾನ ಮಾಡಿದ್ದು."

ಮೆಟ್ಟಿಲಿಳಿಯುವಾಗ ಅಳು ಬಂತು. ಆದರೂ ನಿನ್ನೆಯ ಪೇಡೆಗಿಂತ ಇವತ್ತಿನ ಸೋಲೇ ಅವಳಿಗೆ ಹಿತವೆನಿಸಿತು.

ಮನೆಯಲ್ಲಿ ದ್ಯಾಮಣ್ಣ ಆರಾಮ ಕುರ್ಚಿಯಲ್ಲಿ ಕೂತು ಪೇಪರು ಓದುತ್ತಿದ್ದರು.

"ಅಪ್ಪಾಜಿ, ಕೆಲಸ ಹೋತ್ರಿ."

"ನಿನ್ನಿ ನೀ ಗೆದ್ದಿ ಅಂತ ಸುದ್ದಿ ಬಂದಿತ್ತಲ್ಲ!"

"ಅದು ಖರೇ ಗೆಲುವಲ್ಲರಿ. ಇವತ್ತು ಖರೇ ಸೋತೇನಿ."

"ಇರಲಿ ಬಿಡು. ಮಾತಂದ್ರ ಮಾತು. ರಾಣೆಬೆನ್ನೂರಿಗೆ ಫೋನ್ ಹಚ್ಚತೇನಿ." ಅವರು ಕೈ ಚಾಚಿದರು.

ರಾಜೇಶ್ವರಿ ರಿಸೀವರಿನ ಮೇಲೆ ಅಂಗೈ ಊರಿದಳು. ಅಪ್ಪನ ಎದುರು ಅವಳು ಹೀಗೆ ನಿಂತದ್ದು ಇದೇ ಮೊದಲು.

"ಬ್ಯಾಡ್ರಿ."

"ಏನು?"

"ನಾ ಸೋತಿದ್ದು ಸಿ ಪರೀಕ್ಷೆದಾಗ್ರಿ. ಕೆಲಸ ಹೋತಂದ್ರ ಒಲ್ಲೆ ಅನ್ನೋ ಹಕ್ಕೂ ಹೋಗತೈತೇನು? ಷರತ್ತು ನೀವ ಹಾಕಿದ್ರಿ, ವರಾ ನೀವ ನೋಡಿದ್ರಿ. ನಡುವ ನನ್ನ ಯಾರ್ ಕೇಳಿದ್ರಿ ಅಪ್ಪಾಜಿ?"

"ನಿನಗ ಏನ್ ಕಡಿಮಿ ಮಾಡೇನಿ ನಾ?" ದ್ಯಾಮಣ್ಣನ ದನಿ ಏರಿತು. "ಓದಸ್ಲಿಲ್ಲೇನು? ಗಾಡಿ ಕೊಡಸ್ಲಿಲ್ಲೇನು?"

"ಎಲ್ಲಾ ಕೊಟ್ರಿ. ಕೇಳಲಿಲ್ಲ."

ಅಡುಗೆಮನೆಯ ಬಾಗಿಲಲ್ಲಿ ಅವ್ವ ಶಿವಲಿಂಗವ್ವ ರೊಟ್ಟಿ ಹಿಟ್ಟಿನ ಕೈಯಲ್ಲೇ ನಿಂತಿದ್ದಳು. ಎಂದೂ ಈ ಮಾತಿನಲ್ಲಿ ಬಾಯಿ ಹಾಕದವಳು ಅವತ್ತು ಮೆಲ್ಲಗೆ ಹೇಳಿದಳು. "ನನ್ನೂ ಯಾರೂ ಕೇಳಿದ್ದಿಲ್ಲ."

ದ್ಯಾಮಣ್ಣ ಹೆಂಡತಿಯ ಮುಖ ನೋಡಿದರು. ಆಮೇಲೆ ಪೇಪರು ಮಡಚಿಟ್ಟು, ಚಪ್ಪಲಿ ಮೆಟ್ಟಿ ಹೊರಗೆ ನಡೆದರು. ಫೋನು ಹೋಗಲಿಲ್ಲ. ಅವತ್ತೂ ಹೋಗಲಿಲ್ಲ, ಆ ವಾರವೂ ಹೋಗಲಿಲ್ಲ.

ರಾಜೇಶ್ವರಿ ಸುಮ್ಮನೆ ಕೂರಲಿಲ್ಲ. ಧಾರವಾಡದ ಒಂದು ಕೋಚಿಂಗ್ ಕೇಂದ್ರದಲ್ಲಿ ಬೆಳಗಿನ ಬ್ಯಾಚು ಹಿಡಿದಳು. ಹೆಸರು ಕೂಡಿಸುವ ಪ್ರೋಗ್ರಾಂ ಕಲಿಸುವಾಗ ತನ್ನ ತಪ್ಪನ್ನೇ ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದಳು. ಹುಡುಗರು ಅದನ್ನು ಮರೆಯುತ್ತಿರಲಿಲ್ಲ.

ಆದರೆ ಅವನು? ಬರಲಿಲ್ಲವಲ್ಲ! ಉತ್ತರ ಕೊಡುವುದಿಲ್ಲ ಎಂದರೆ ಬಾಯಿಗೆ ಬೀಗ ಹಾಕಿಕೊಂಡು ಕೂತುಬಿಡುವುದೇ? ಅವಳಿಗೆ ಅದಕ್ಕೂ ಸಿಟ್ಟು!

ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಬಾಗಿಲು ಬಡಿದ ಸದ್ದಾಯಿತು. ದ್ಯಾಮಣ್ಣ ತೆರೆದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ ಹುಡುಗನೊಬ್ಬ ಹೊರಗೆ ಬೆವರುತ್ತ ನಿಂತಿದ್ದ.

"ಯಾರ್ ಬೇಕಾಗಿತ್ರಿ?"

"ನಾ ಮಾಲತೇಶ್ರಿ ಕಾಕಾ. ರಾಜೇಶ್ವರಿಯವರ ಕೂಡ ಮಾತಾಡೋದಿತ್ರಿ."

"ನಾ ಆಕಿ ಅಪ್ಪ. ಏನಿದ್ರೂ ನನಗ ಹೇಳ್ರಿ."

ಒಳಗೆ ಗೋಡೆಗೆ ಒರಗಿ ನಿಂತಿದ್ದ ರಾಜೇಶ್ವರಿ ಕಿವಿ ನಿಮಿರಿಸಿದಳು. ಹೇಳಿಬಿಡುತ್ತಾನೆ... ಈಗ ಅಪ್ಪನಿಗೇ ಹೇಳಿಬಿಡುತ್ತಾನೆ...

"ನಿಮಗೂ ಹೇಳ್ತೇನ್ರಿ" ಎಂದ ಮಾಲತೇಶ. ದನಿ ಸಣ್ಣದಿತ್ತು, ಆದರೆ ತಡವರಿಸಲಿಲ್ಲ. "ಆದ್ರ ಮೊದಲ ಆಕಿಗೆ ಕೇಳಬೇಕ್ರಿ. ಆಕಿ ಒಲ್ಲೆ ಅಂದ್ರ ನಿಮಗ ಹೇಳೋದೇನೂ ಉಳಿಯಂಗಿಲ್ಲ."

ದ್ಯಾಮಣ್ಣ ಅವನನ್ನು ಮೇಲಿಂದ ಕೆಳಗೆ ನೋಡಿದರು. ಒಮ್ಮೆ ಅಡುಗೆಮನೆಯ ಕಡೆ ನೋಡಿದರು. ಗಂಟಲು ಸರಿಮಾಡಿಕೊಂಡರು.

"ರಾಜೀ... ಯಾರೋ ಬಂದಾರ. ಮಾತಾಡ್ತಿಯೋ ಇಲ್ಲೋ... ನೀನ ಹೇಳವಾ."

ಅಪ್ಪ ಕೇಳಿದರು! ಅವಳ ಕಣ್ಣು ಅಲ್ಲೇ ತುಂಬಿ ಬಂತು. "ಮಾತಾಡ್ತೇನ್ರಿ" ಎಂದು ಹೊರಗೆ ಬಂದಳು. ದ್ಯಾಮಣ್ಣ ಒಳಗೆ ಹೋದರು.

ಜಗುಲಿಯ ಮೇಲೆ ಇಬ್ಬರೇ.

"ಹೇಳ್ರಿ" ಎಂದಳು, ಹುಬ್ಬು ಗಂಟಿಕ್ಕಿ.

"ನೀವಂದ್ರ ನನಗ ಜೀವಾ. ನನ್ನ ಲಗ್ನ ಆಗ್ತೀರೇನ್ರಿ?"

"ಇಷ್ಟು ದಿನಾ ಎಲ್ಲೆ ಸತ್ತಿದ್ರಿ?"

"ಉತ್ತರಾ ಕೊಡಂಗಿಲ್ಲ ಅಂದಿದ್ರಿ..."

"ಕೇಳಬ್ಯಾಡ್ರಿ ಅಂತ ಹೇಳಿದ್ನೇನು?"

ಅವನು ತಬ್ಬಿಬ್ಬಾಗಿ ನಿಂತ. ಅವಳಿಗೆ ಅವನ ಬೆವರಿದ ಹಣೆಯನ್ನು ಒರೆಸಬೇಕೆನಿಸಿತು. ತಡೆದುಕೊಂಡಳು.

"ಒಲ್ಲೆ ಅಂದ್ರ?"

"ಹೋಗ್ತೇನ್ರಿ. ಭಾಳ ಸಂಕಟ ಆಗತೈತಿ. ಆದ್ರೂ ಹೋಗ್ತೇನಿ."

"ನನ್ನ ಸಲುವಾಗಿ ಮತ್ತೇನಾರ ಉಪಕಾರ ಮಾಡ್ತೀರೇನು?"

"ನಿಮ್ಮನ್ನ ಕೇಳಲಾರದ ಒಂದ್ ಲೋಟ ನೀರೂ ಕೊಡಂಗಿಲ್ರಿ."

ಅವಳಿಗೆ ನಗು ತಡೆಯಲಾಗಲಿಲ್ಲ. ನಗುವಿನ ಜೊತೆ ಕಣ್ಣೀರೂ ಬಂತು. ಸೆರಗಿನಿಂದ ಒರೆಸಿಕೊಳ್ಳುತ್ತ ಹೇಳಿದಳು. "ಹೂಂ."

"ಹೂಂ ಅಂದ್ರ...?"

"ಹೂಂ ಅಂದ್ರ ಹೂಂನರಿ! ಆದ್ರ ಮತ್ತೊಮ್ಮೆ ಕೇಳ್ರಿ. ಹುಟ್ಟಿದಾಗಿಂದ ನನ್ನ ಯಾರೂ ಕೇಳಿದ್ದಿಲ್ಲ. ಕೇಳಿಸ್ಕೊಳ್ಳಾಕ ಭಾಳ ಛಲೋ ಅನಸಾಕತ್ತೈತಿ."

ಮಾಲತೇಶ ಮತ್ತೊಮ್ಮೆ ಕೇಳಿದ.